ಒರೆಯ ಬಣ್ಣ ಕೆರೆದ ಮೇಲೆ: ಬಾಲಿಯ ಕೆರಿಸ್ ನೋಡುವ ಬಗೆ

ಮುಂಬಯಿಯಲ್ಲಿ ಒಂದು ಲೋಹಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷದ ಮೇಲೆ ಕೆಲಸ ಮಾಡಿ ನಿವೃತ್ತಿ ಆದವರಲ್ಲಿ ನಾನೂ ಒಬ್ಬ. ಕಬ್ಬಿಣ, ಉಕ್ಕು, ತುಕ್ಕು, ಬಿರುಕು ಇವೇ ನನ್ನ ಪ್ರಪಂಚ. ಇವತ್ತು ಮಾತಾಡೋದು ಕೂಡ ಕಬ್ಬಿಣದ ಬಗ್ಗೇನೇ. ಆದರೆ ಕಬ್ಬಿಣ ಗೊತ್ತು ಅನ್ನೋ ಧೈರ್ಯದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ನಮ್ಮ ಸೋದರಮಾವ ಹಡಗಿನ ಎಂಜಿನ್ ರೂಮಿನಲ್ಲಿ ಇದ್ದವರು. ಅವರು ತೀರಿಕೊಂಡ ಮೇಲೆ ಡೊಂಬಿವಿಲಿಯಲ್ಲಿರುವ ಅತ್ತೆ ಒಂದಿನ ಫೋನ್ ಮಾಡಿದರು. "ಕಪಾಟಿನಲ್ಲಿ ನಿಮ್ಮ ಮಾವನ ಒಂದು ಚೂರಿ ಇದೆ. ಹಳೇ ಸಾಮಾನು ಕೊಳ್ಳೋನು ಒಬ್ಬ ಬಂದಿದ್ದ, ಮುನ್ನೂರು ವರ್ಷದ್ದು, ರಾಜರ ಮನೇದು ಅಂತ ಹೇಳಿದ. ಆಮೇಲೆ ರೇಟು ಕೇಳಿದರೆ ಅಡಿಕೆ ಕತ್ತರಿಗೆ ಕೊಡೋ ರೇಟು ಹೇಳಿದ. ನೀನು ಬಂದು ನೋಡಿ ಹೇಳು." ಹೋದೆ. ಬಟ್ಟೆ ಬಿಚ್ಚಿದರೆ ಬಾಲಿಯ ಕೆರಿಸ್. ಜೊತೆಗೆ ಮಾವನ ಕೈಬರಹದಲ್ಲಿ ಒಂದು ಚೀಟಿ: "ಸುರಬಾಯ, 1968. ಬಾಲಿಯ ಚೂರಿ." ಅಷ್ಟೇ.

ಮೊದಲು ಕೆರಿಸ್ ಅಂದರೆ ಏನು ಅಂತ ಹೇಳಿಬಿಡ್ತೀನಿ. ಇಂಡೋನೇಷ್ಯಾ, ಮಲೇಷ್ಯಾ ಕಡೆಯ ಬಾಕು ಇದು. ಅಲಗಿನ ಬುಡ ಒಂದು ಕಡೆಗೆ ಅಗಲ, ಇನ್ನೊಂದು ಕಡೆಗೆ ಕಿರಿದು. ಅಲಗು ನೇರ ಇರಬಹುದು, ಹಾವು ಹರಿದ ಹಾಗೆ ಬಳುಕಿರಲೂಬಹುದು. ಬಳುಕಿದ್ದರೆ ಆ ಬಳುಕುಗಳ ಲೆಕ್ಕ ಯಾವಾಗಲೂ ಬೆಸ: ಮೂರು, ಐದು, ಏಳು, ಒಂಬತ್ತು, ಹೀಗೆ. ಲೆಕ್ಕ ಸಮ ಬಂತು ಅಂದರೆ ಹೆಚ್ಚಾಗಿ ಎಣಿಸಿದವರದೇ ತಪ್ಪು, ಇನ್ನೊಂದು ಸಲ ಎಣಿಸಿ. ಇಂಡೋನೇಷ್ಯಾದ ಕೆರಿಸ್ ಅನ್ನು ಯುನೆಸ್ಕೋ 2005ರಲ್ಲಿ ಮಾನವಕುಲದ ಪರಂಪರೆ ಅಂತ ಘೋಷಿಸಿತು.

ಜಾವಾದ ಕೆರಿಸಿಗಿಂತ ಬಾಲಿಯದು ಸಾಮಾನ್ಯವಾಗಿ ಉದ್ದ, ತೂಕವೂ ಜಾಸ್ತಿ. ಬಾಲಿಯವರು ಅದನ್ನು ಬೆನ್ನಿಗೆ ಸಿಕ್ಕಿಸಿಕೊಳ್ತಾರೆ, ಹಿಡಿ ಬಲಭುಜದ ಮೇಲೆ ಇಣುಕುತ್ತೆ. ನಮ್ಮ ಕೊಡಗಿನವರು ಒಡಿಕತ್ತಿಯನ್ನು ಬೆನ್ನ ಹಿಂದೆ ಕಟ್ಟೋದನ್ನ ನೋಡಿದವರಿಗೆ ಇದು ಅಷ್ಟೇನೂ ಅಪರಿಚಿತ ಅನ್ನಿಸಲ್ಲ.

ಈಗ ನನ್ನ ತಪ್ಪು. ಆ ಕೆರಿಸಿನ ಒರೆ ಎರಡು ಭಾಗದ್ದು. ಮೇಲಿನ ತಲೆಯ ಭಾಗ ಬರೀ ಮರ, ತಿಳಿಬಣ್ಣದ ಮರದಲ್ಲಿ ಕಪ್ಪು ಮೋಡದಂಥ ಕಲೆಗಳು. ಕೆಳಗಿನ ಉದ್ದದ ಭಾಗಕ್ಕೆ ಮಾತ್ರ ದಪ್ಪನೆ ಕೆಂಪು ಪೇಂಟು. ಹೊಳಪಿಲ್ಲ, ನಯ ಇಲ್ಲ, ಬ್ರಶ್ಶಿನ ಕೂದಲೂ ಅಂಟಿಕೊಂಡಿತ್ತು. ಯಾರೋ ಅಂಗಡಿಯವನು ಮಾರೋದಕ್ಕೆ ಬಳಿದಿರೋದು, ಇದರ ಕೆಳಗೆ ಅಸಲಿ ಇದೆ ಅಂತ ನಾನು ತೀರ್ಮಾನ ಮಾಡಿದೆ. ಮನೆಗೆ ತಂದೆ. ಹತ್ತಿಗೆ ಥಿನ್ನರ್ ಹಾಕಿ ಒರೆಸಿದೆ, ಆಮೇಲೆ ಬ್ಲೇಡಿನಿಂದ ಮೆಲ್ಲಗೆ ಕೆರೆದೆ.

ಕೆಳಗೆ ಅಸಲಿ ಇತ್ತು. ಕಪ್ಪು ನೆಲದ ಮೇಲೆ ಕೆಂಪು ಬಳ್ಳಿ, ಅದರ ಅಂಚಿಗೆ ಕೂದಲೆಳೆಯ ಬಂಗಾರದ ಗೆರೆ. ಕಣ್ಣಿಗೆ ಕಂಡದ್ದು ಕೆಲವೇ ಕ್ಷಣ. ಮೇಲಿನ ಪೇಂಟು ಥಿನ್ನರಿಗೆ ಉಬ್ಬಿ ಏಳುವಾಗ ಕೆಳಗಿನ ಬಣ್ಣವನ್ನೂ ಕಚ್ಚಿಕೊಂಡು ಎದ್ದಿತು. ಮೂರು ಬೆರಳಗಲ ಜಾಗದಲ್ಲಿ ಬರೀ ಮರ ಉಳಿಯಿತು. ಅಲ್ಲಿಗೆ ನಿಲ್ಲಿಸಿದೆ.

ಬಾಲಿಯ ಸಾಂಪ್ರದಾಯಿಕ ಬಣ್ಣಗಾರಿಕೆ ಬಗ್ಗೆ ನಾನು ಓದಿದ್ದು ಇದಾದ ಮೇಲೆ. ಮೊದಲೇ ಓದಬೇಕಿತ್ತು. ಕ್ಲುಂಗ್ಕುಂಗ್ ಸೀಮೆಯ ಕಮಾಸನ್ ಹಳ್ಳಿ ಚಿತ್ರಕಾರರಿಗೆ ಹೆಸರಾದದ್ದು. ಅವರ ಹಳೇ ಪದ್ಧತಿಯಲ್ಲಿ ಬಿಳಿ ಬಣ್ಣಕ್ಕೆ ಸುಟ್ಟ ಮೂಳೆ, ಕಪ್ಪಿಗೆ ದೀಪದ ಮಸಿ, ನೀಲಿಗೆ ನೀಲಿಗಿಡ, ಕೆಂಪಿಗೆ ಚೀನಾದಿಂದ ಬಂದ ಇಂಗಳೀಕ. ಇವನ್ನೆಲ್ಲ ಹಿಡಿದಿಡೋದು ವಜ್ರದಂಥ ಅಂಟು. ಬಂಗಾರದ ರೇಕಿನ ಕೆಲಸಕ್ಕೆ ಪ್ರಾದಾ ಅಂತಾರೆ. ಇಂಥ ಅಂಟಿನ ಬಣ್ಣ ಹಳೆಯದಾದಾಗ ಪುಡಿಪುಡಿ ಆಗುತ್ತೆ. ನಮ್ಮ ಮೈಸೂರು ಶೈಲಿಯ ಹಳೇ ಚಿತ್ರದ ಮೇಲೆ ಯಾರಾದರೂ ಥಿನ್ನರ್ ಹಾಕಿ ಉಜ್ಜಿದರೆ ನಾವು ಸುಮ್ಮನಿರ್ತೀವಾ? ನಾನು ಮಾಡಿದ್ದು ಅದನ್ನೇ.

ಮುಂದಿನ ವಾರ ಅತ್ತೆಗೆ ಹೇಳಬೇಕಲ್ಲ. ಹೇಳಿದೆ. "ಅತ್ತೆ, ಯಾರೋ ಮೇಲೆ ಕೆಟ್ಟ ಪೇಂಟು ಬಳಿದಿದ್ರು, ಅದನ್ನ ತೆಗೆಯೋಕೆ ಹೋಗಿ ಹೀಗಾಯ್ತು." ಅತ್ತೆ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಅಂದರು: "ಯಾರೋ ಅಲ್ಲ ಕಣೋ, ನಿಮ್ಮ ಮಾವನೇ ಹೊಡೆದದ್ದು. ಒಂದು ಮಳೆಗಾಲ ಮನೆಯೆಲ್ಲ ಸೋರಿ ಆ ಮರಕ್ಕೆ ಬೂಷ್ಟು ಬಂದಿತ್ತು. ಹಾಳಾಗುತ್ತೆ ಅಂತ ಹಡಗಿನಿಂದ ತಂದ ಕೆಂಪು ಬಣ್ಣ ಹಚ್ಚಿದ್ರು. ಆಯುಧಪೂಜೆ ದಿವಸ ಅದನ್ನ ತೆಗೆದು, ಒರೆಸಿ, ಕುಂಕುಮ ಇಡೋರು. ಒಂದು ವರ್ಷಾನೂ ತಪ್ಪಿಸಿಲ್ಲ."

ಅಂದರೆ ನಾನು ಕೆರೆದು ತೆಗೆದದ್ದು ಎರಡು ಕೈಗಳ ಕೆಲಸ. ಒಂದು ಬಾಲಿಯ ಹೆಸರು ಗೊತ್ತಿಲ್ಲದ ಚಿತ್ರಕಾರನದು, ಇನ್ನೊಂದು ನಮ್ಮ ಮಾವನದು.

ಇದನ್ನ ಇಷ್ಟು ವಿವರವಾಗಿ ಹೇಳೋದಕ್ಕೆ ಕಾರಣ ಇದೆ. ಹಳೇ ಕೆರಿಸ್ ಸಿಕ್ಕಿದಾಗ ಎಲ್ಲರೂ ಕೇಳೋ ಪ್ರಶ್ನೆ ಒಂದೇ: "ಇದು ಎಷ್ಟು ಹಳೇದು? ಅಸಲಿಯಾ?" ಕೆರಿಸಿನ ವಿಷಯದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಸಿಗಲ್ಲ, ಯಾಕಂದರೆ ಅದು ಒಂದು ವಸ್ತು ಅಲ್ಲ. ಅಲಗು ಒಬ್ಬ ಕಮ್ಮಾರನದು, ಹಿಡಿ ಒಬ್ಬ ಕೆತ್ತನೆಗಾರನದು, ಒರೆ ಒಬ್ಬ ಬಡಗಿಯದು, ಬಣ್ಣ ಇನ್ನೊಬ್ಬನದು. ಅಲಗು ತಲೆಮಾರುಗಳ ಕಾಲ ಉಳಿಯುತ್ತೆ. ಹಿಡಿ, ಒರೆ ಸವೆದಾಗ ಬದಲಾಯಿಸ್ತಾರೆ. ಮನೆಯ ಹಿರಿಯರಿಗೆ ಹೊಸ ಪಂಚೆ ಉಡಿಸಿದ ಹಾಗೆ. ಆದ್ದರಿಂದ ಒಂದೊಂದು ಭಾಗಕ್ಕೂ ಒಂದೊಂದು ವಯಸ್ಸು. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು.

ಅಲಗಿನಿಂದ ಶುರು ಮಾಡೋಣ. ಈ ಫೋಟೋ ನೋಡಿ. ಅಲಗಿನ ಬುಡದಲ್ಲಿ ಅಡ್ಡಕ್ಕೆ ಒಂದು ಪಟ್ಟಿ ಇದೆಯಲ್ಲ, ಅದಕ್ಕೆ ಗಂಜ ಅಂತಾರೆ. ನಗಬೇಡಿ, ಹೆಸರೇ ಹಾಗೆ. ಸಾಮಾನ್ಯವಾಗಿ ಗಂಜ ಬೇರೆ ತುಂಡು. ಅಲಗಿನ ಬುಡದ ಮೊಳೆ ಅದರ ತೂತಿನೊಳಗಿಂದ ಹಾದು ಹಿಡಿಗೆ ಹೋಗುತ್ತೆ. ಹಾಗಾಗಿ ಎರಡರ ಮಧ್ಯೆ ಒಂದು ಸಣ್ಣ ಗೆರೆ ಕಾಣಬೇಕು. ಒಳ್ಳೇ ಕೆಲಸದಲ್ಲಿ ಆ ಗೆರೆ ಕೂದಲಿಗಿಂತ ಸಣ್ಣ. ಅಪರೂಪಕ್ಕೆ ಗಂಜ ಮತ್ತು ಅಲಗು ಒಂದೇ ತುಂಡಾಗಿರೋದೂ ಉಂಟು, ಆದ್ದರಿಂದ ಗೆರೆ ಇಲ್ಲ ಅಂದ ಮಾತ್ರಕ್ಕೆ ನಕಲಿ ಅನ್ನಬೇಡಿ.

ಅದರ ಪಕ್ಕದಲ್ಲೇ ಆನೆಯ ಸೊಂಡಿಲಿನ ಹಾಗೆ ಸುರುಳಿ, ಅದರ ಕೆಳಗೆ ಒಂದು ಚೂಪು ಮುಂಚಾಚು. ಆ ಚಾಚಿಗೆ ಲಂಬೆ ಗಜಾ ಅಂತ ಹೆಸರು, ಆನೆಯ ತುಟಿ ಅಂತ ಅರ್ಥ. ಗಜ ಅನ್ನೋದು ನಮಗೂ ಅವರಿಗೂ ಒಂದೇ. ಇನ್ನೊಂದು ತುದಿಯಲ್ಲಿ ಸಣ್ಣ ಸಣ್ಣ ಹಲ್ಲುಗಳು. ಅರದಿಂದ, ಉಳಿಯಿಂದ ಕೈಯಲ್ಲಿ ಮಾಡಿದ್ದಾದರೆ ಒಂದೊಂದು ಹಲ್ಲಿನ ಒಳಮೂಲೆಯೂ ಚೊಕ್ಕವಾಗಿರುತ್ತೆ. ಪ್ರವಾಸಿಗಳಿಗೆ ಅಂತ ಗ್ರೈಂಡರಿನಲ್ಲಿ ಕೊರೆದದ್ದಾದರೆ ಮೂಲೆಗಳು ದುಂಡಗೆ, ಎಲ್ಲವೂ ಒಂದೇ ಅಳತೆ. ತುಂಬ ಹಳೇ ಅಲಗಾದರೆ ತುಕ್ಕು ತಿಂದು, ತೊಳೆದು ತೊಳೆದು ಹಲ್ಲು ಮೊಂಡಾಗಿರಬಹುದು. ಆದರೆ ಆ ಸವೆತ ಹಲ್ಲಿನ ಜಾಗದಲ್ಲಿ ಮಾತ್ರ ಇದ್ದರೆ ಸಾಲದು, ಅಲಗಿನ ಅಂಚಿನಲ್ಲೂ ತುದಿಯಲ್ಲೂ ಅದೇ ಸವೆತ ಇರಬೇಕು.

ಮುಂದಿನದು ಪಾಮೋರ್, ಅಂದರೆ ಅಲಗಿನ ಮೇಲಿನ ಬೆಳ್ಳಿಬಣ್ಣದ ಗೆರೆಗಳ ಚಿತ್ತಾರ. ಕಮ್ಮಾರ ಕಬ್ಬಿಣದ ಜೊತೆ ನಿಕ್ಕಲ್ ಇರುವ ಲೋಹವನ್ನು ಪದರ ಪದರವಾಗಿ ಬೆಸೆದು, ಮಡಿಸಿ, ತಟ್ಟಿ, ನಡುವೆ ಉಕ್ಕಿನ ಹಾಳೆ ಇಡ್ತಾನೆ. ಆಮೇಲೆ ನಿಂಬೆರಸ ಮತ್ತು ಪಾಷಾಣ ಸೇರಿಸಿ ಹಚ್ಚಿದರೆ ಕಬ್ಬಿಣ ಕಪ್ಪಾಗುತ್ತೆ, ನಿಕ್ಕಲ್ ಇರೋ ಪದರ ಬೆಳ್ಳಗೆ ಉಳಿಯುತ್ತೆ. ಪಾಷಾಣ ಅಂದೆನಲ್ಲ, ಆರ್ಸೆನಿಕ್. ಹಳೇ ಕೆರಿಸ್ ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ.

"ಇದೆಲ್ಲ ಉಲ್ಕೆಯ ಕಬ್ಬಿಣ ಅಂತೆ" ಅಂತ ಮಾರೋರು ಹೇಳ್ತಾರೆ. ಜಾವಾದ ಪ್ರಂಬಾನನ್ ಹತ್ತಿರ ಬಿದ್ದ ಒಂದು ಉಲ್ಕೆಯನ್ನು ಸುರಕಾರ್ತದ ಅರಮನೆಗೆ ಸಾಗಿಸಿ, ಅದರ ಲೋಹವನ್ನು ಅಲಗುಗಳಿಗೆ ಬಳಸಿದ್ದು ನಿಜ. ಆದರೆ ಒಂದು ಉಲ್ಕೆಯಿಂದ ಎಷ್ಟು ಅಲಗು ಆಗುತ್ತೆ? ಸುಲಾವೇಸಿ ದ್ವೀಪದ ಲುವು ಸೀಮೆಯಿಂದ ನಿಕ್ಕಲ್ ಇರುವ ಕಬ್ಬಿಣ ಬರ್ತಿತ್ತು. ಆದ್ದರಿಂದ ನಿಕ್ಕಲ್ ಕಂಡ ಕೂಡಲೇ ಆಕಾಶ ನೋಡಬೇಕಾಗಿಲ್ಲ.

ಇನ್ನು ಕೆಲವರು ನಮ್ಮ ಕಡೆಯ ಪ್ರಸಿದ್ಧ ವೂಟ್ಸ್ ಉಕ್ಕಿಗೂ ಇದಕ್ಕೂ ಗಂಟು ಹಾಕ್ತಾರೆ. ಮೈಸೂರು ಸೀಮೆಯಲ್ಲೂ ಆ ಉಕ್ಕು ತಯಾರಾಗ್ತಿತ್ತು ಅನ್ನೋದು ಹೆಮ್ಮೆಯ ವಿಷಯ. ಆದರೆ ಎರಡರ ದಾರಿ ಬೇರೆ. ವೂಟ್ಸ್ ಉಕ್ಕಿನ ಅಲೆಗಳು ಮೂಸೆಯಲ್ಲಿ ಕರಗಿದ ಉಕ್ಕು ನಿಧಾನಕ್ಕೆ ಆರುವಾಗ ಅದರ ಒಳಗೇ ಹುಟ್ಟೋವು. ಪಾಮೋರ್ ಅನ್ನು ಕಮ್ಮಾರ ಪದರ ಜೋಡಿಸಿ ಕಟ್ಟಿದ್ದು.

ನಕಲಿ ಪಾಮೋರ್ ಹೇಗೆ ಗುರುತಿಸೋದು? ಮರದ ಹಲಗೆಯನ್ನು ಓರೆಯಾಗಿ ಕೊಯ್ದಾಗ ಅದರ ಗೆರೆ ಹೇಗೆ ಬಳಸಿಕೊಂಡು ಹೋಗುತ್ತೆ, ನೆನಪು ಮಾಡಿಕೊಳ್ಳಿ. ನಿಜವಾದ ಪಾಮೋರ್ ಕೂಡ ಹಾಗೇ, ಅಲಗಿನಲ್ಲಿ ಗುಳಿ ಬಂದ ಕಡೆ ಗೆರೆಯೂ ಗುಳಿಯನ್ನು ಬಳಸುತ್ತೆ. ಆಸಿಡ್ಡಿನಿಂದ ಮೇಲ್ಮೈ ಮೇಲೆ ಬರೆದದ್ದಾದರೆ ಗುಳಿಗೂ ಗೆರೆಗೂ ಸಂಬಂಧವೇ ಇರಲ್ಲ. ಇನ್ನೊಂದು ಮಾತು. ಜಾವಾದ ಅಲಗನ್ನು ಬೆರಳಿನಿಂದ ಸವರಿದರೆ ತರಿತರಿ, ಬಾಲಿಯದು ನುಣುಪು. ಬಾಲಿಯವರು ಅಲಗಿಗೆ ಚೆನ್ನಾಗಿ ಮೆರುಗು ಕೊಟ್ಟು ಇಟ್ಟುಕೊಳ್ತಾರೆ. ಆದ್ದರಿಂದ ನುಣುಪಾಗಿದೆ, ಹಾಗಾದರೆ ಹೊಸದು ಅಂತ ಲೆಕ್ಕ ಹಾಕಿದರೆ ಬಾಲಿಯ ವಿಷಯದಲ್ಲಿ ಮೋಸ ಹೋಗ್ತೀರಿ.

ಮಾವನ ಅಲಗಿನಲ್ಲಿ ಪಾಮೋರ್ ಕಾಣಿಸ್ತಾನೇ ಇರಲಿಲ್ಲ. ಮಾವ ವರ್ಷಾವರ್ಷ ಮೆಟಲ್ ಪಾಲಿಶ್ ಹಾಕಿ ಉಜ್ಜಿ, ಸ್ಟೀಲ್ ಲೋಟದ ಹಾಗೆ ಮಾಡಿದ್ದರು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಚೆಲ್ಲಿದ ಅಕ್ಕಿಯ ಹಾಗೆ ಸಣ್ಣ ಚುಕ್ಕೆಗಳು. ಆ ಚಿತ್ತಾರಕ್ಕೆ ಹೆಸರೇ ಚೆಲ್ಲಿದ ಅಕ್ಕಿ, ವೊಸ್ ವುತಾ. ಇದು ನಷ್ಟ ಅಲ್ಲ. ಚಿತ್ತಾರ ಲೋಹದ ಒಳಗೇ ಇದೆ, ತಿಳಿದವರು ಮತ್ತೆ ಮದ್ದು ಹಚ್ಚಿದರೆ ಮೇಲೆ ಬರುತ್ತೆ. ಕಬ್ಬಿಣ ನಮ್ಮ ತಪ್ಪನ್ನ ಎಷ್ಟೋ ಸಲ ತಡೆದುಕೊಳ್ಳುತ್ತೆ. ಬಣ್ಣ ತಡೆದುಕೊಳ್ಳಲ್ಲ.

ಹಿಡಿಯ ಬಗ್ಗೆ ಚುಟುಕಾಗಿ ಹೇಳ್ತೀನಿ. ಬಾಲಿಯಲ್ಲಿ ಹಿಡಿಗಳ ಬಗೆ ಬಹಳ. ದೇವರ ಅಥವಾ ರಾಕ್ಷಸನ ಮೂರ್ತಿ ಇರೋದಕ್ಕೆ ತೊಗೊಗನ್ ಅಂತಾರೆ. ಎಷ್ಟೋ ಹಿಡಿಗಳಲ್ಲಿ ಕೂತಿರೋದು ಬಾಯು, ಅಂದರೆ ನಮ್ಮ ವಾಯುದೇವರೇ. ಹುಳುವಿನ ಗೂಡಿನಂತೆ ಕಾಣೋ ಇನ್ನೊಂದು ಬಗೆ ಇದೆ, ಅದಕ್ಕೆ ಕೊಚೆತ್-ಕೊಚೆತನ್ ಅಂತ ಹೆಸರು. ಚಿನ್ನದ ಹಿಡಿಯಲ್ಲಿ ಕೆಂಪು ಕಲ್ಲು ಇದ್ದರೆ ಮಾಣಿಕ್ಯ ಅಂತ ಸಂಭ್ರಮ ಪಡೋ ಮೊದಲು ಭೂತಗನ್ನಡಿಯಲ್ಲಿ ನೋಡಿ, ಗಾಜಿನ ಒಳಗೆ ಗಾಳಿಗುಳ್ಳೆ ಕಾಣಿಸುತ್ತೆ. ದಂತದ ಹಿಡಿ ಆದರೆ ಭಾರತದಲ್ಲಿ ದಂತದ ವ್ಯಾಪಾರ ಕಾನೂನಿಗೆ ವಿರುದ್ಧ ಅನ್ನೋದು ನೆನಪಿರಲಿ. ಹಿಡಿಯಲ್ಲಿ ನೋಡಬೇಕಾದ ಮುಖ್ಯ ಸಂಗತಿ ಸವೆತ. ಅಂಗೈ ಒರಗುವ ಜಾಗ ನುಣ್ಣಗಾಗಿ, ಬೆರಳು ಹೋಗದ ಸಂದುಗಳು ಚೂಪಾಗಿ ಉಳಿದಿರಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಮರಳು ಕಾಗದದ ಕೆಲಸ. ಮಾವನ ಕೆರಿಸಿನ ಹಿಡಿ ಈ ಪರೀಕ್ಷೆಯಲ್ಲಿ ಫೇಲು. ಅಲಗಿಗಿಂತ ತುಂಬ ಹೊಸದು.

ಈಗ ಒರೆ. ಕನ್ನಡದಲ್ಲಿ ಕತ್ತಿಯ ಮನೆಗೂ ಒರೆ ಅಂತೀವಿ, ಚಿನ್ನ ಪರೀಕ್ಷೆ ಮಾಡೋದಕ್ಕೂ ಒರೆಗೆ ಹಚ್ಚೋದು ಅಂತೀವಿ. ನನ್ನ ಪರೀಕ್ಷೆ ಆದದ್ದು ಇಲ್ಲೇ. ಒರೆಯ ತಲೆಯ ಆಕಾರದಲ್ಲಿ ಬಾಲಿಯವರಿಗೆ ಹಲವು ಬಗೆ. ದೋಣಿಯ ಹಾಗೆ ಎರಡು ಕಡೆ ಚಾಚಿರೋದಕ್ಕೆ ಸೆಸ್ರೆಂಗತನ್ ಅಂತ ಹೆಸರು. ಮಾವನದು ಬಾತುನ್ ಪೋ, ಅಂದರೆ ಮಾವಿನ ವಾಟೆ. ಗೊರಟು ಅಂತೀವಲ್ಲ, ಅದೇ. ನೋಡಿದರೆ ಥೇಟ್ ತಿಂದು ಒಣಗಿಸಿದ ವಾಟೆಯ ಆಕಾರ.

ಮೊದಲು ಅಲಗಿಗೂ ಒರೆಗೂ ಹೊಂದುತ್ತಾ ನೋಡಿ. ಒರೆಯ ಬಾಯಿಯಲ್ಲಿ ಗಂಜ ಕೂರೋಕೆ ಒಂದು ತಗ್ಗು ಇರುತ್ತೆ. ಅದೇ ಅಲಗಿಗೆ ಮಾಡಿದ ಒರೆಯಾದರೆ ಗಂಜ ಅಲ್ಲಿ ಪೆಟ್ಟಿಗೆಯ ಮುಚ್ಚಳದ ಹಾಗೆ ಕೂರುತ್ತೆ. ಲೊಡಲೊಡ ಅಂದರೆ ಯಾವುದೋ ಅಲಗಿಗೆ ಯಾವುದೋ ಒರೆ, ಅಂಗಡಿಯಲ್ಲಿ ಆದ ಮದುವೆ.

ಆಮೇಲೆ ಬಣ್ಣ. ಕೈಯಲ್ಲಿ ಬೇಕಾದದ್ದು ಭೂತಗನ್ನಡಿ ಮತ್ತು ತಾಳ್ಮೆ. ಥಿನ್ನರ್ ಬೇಡ, ನೀರೂ ಬೇಡ, ಒದ್ದೆ ಬಟ್ಟೆಯೂ ಬೇಡ. ಸುಮ್ಮನೆ ನೋಡಿ. ಎಲ್ಲಾದರೂ ತಾನಾಗೇ ಬಣ್ಣ ಎದ್ದ ಜಾಗ ಇದ್ದೇ ಇರುತ್ತೆ, ಸಾಮಾನ್ಯವಾಗಿ ತುದಿಯಲ್ಲಿ ಅಥವಾ ಬಾಯಿಯ ಅಂಚಿನಲ್ಲಿ. ಆ ಅಂಚಿನಲ್ಲಿ ಮಣ್ಣಿನ ಪದರ ಎಣಿಸಿದ ಹಾಗೆ ಬಣ್ಣದ ಪದರ ಎಣಿಸಬಹುದು. ಬಿರುಕು ನೋಡಿ: ಹಳೇ ಬಣ್ಣದ ಬಿರುಕು ಮರದ ನಾರಿನ ದಿಕ್ಕಿಗೆ ಹೊಂದಿಕೊಂಡಿರುತ್ತೆ, ಯಾಕಂದರೆ ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗೋದು ಮರ. ಬಂಗಾರ ನೋಡಿ: ನಿಜವಾದ ರೇಕು ಕಪ್ಪಾಗಲ್ಲ, ಸವೆಯುತ್ತೆ ಅಷ್ಟೇ. ಹಿತ್ತಾಳೆ ಪುಡಿಯ ಬಂಗಾರಬಣ್ಣ ಕಂದಾಗುತ್ತೆ, ಕೆಲವು ಸಲ ಹಸಿರೂ ಆಗುತ್ತೆ. ಗಂಧದ ವಾಸನೆ ಬಂದರೆ ಮಾತ್ರ ಮರುಳಾಗಬೇಡಿ. ಅಲಗಿಗೆ ಗಂಧದೆಣ್ಣೆ ಹಚ್ಚೋ ಪದ್ಧತಿ ಇದೆ ನಿಜ, ಆದರೆ ಎಣ್ಣೆ ನಿನ್ನೆ ಸಂಜೆಯೂ ಹಚ್ಚಿರಬಹುದು.

ಇಲ್ಲಿ ದೊಡ್ಡ ಪ್ರಶ್ನೆ ಬರುತ್ತೆ. ಮತ್ತೆ ಬಣ್ಣ ಹಚ್ಚಿದ ಒರೆ ಅಂದರೆ ಅದು ಕೆಟ್ಟದ್ದಾ? ಸಂಗ್ರಹ ಮಾಡೋರು, ಮಾರೋರು ಹೌದು ಅಂತಾರೆ. ನಾನೂ ಹಾಗೇ ನಂಬಿದ್ದೆ. ಆದರೆ ಬಾಲಿಯ ಮನೆಗಳಲ್ಲಿ ನೋಡಿ. ಅಲ್ಲಿ 210 ದಿನಕ್ಕೊಮ್ಮೆ ತುಂಪೆಕ್ ಲಂಡೆಪ್ ಅನ್ನೋ ಶನಿವಾರ ಬರುತ್ತೆ. ಲಂಡೆಪ್ ಅಂದರೆ ಹರಿತ. ಆ ದಿನ ಪಶುಪತಿಗೆ ಪೂಜೆ, ಮನೆಯ ಕೆರಿಸುಗಳನ್ನು ತೆಗೆದು ತೀರ್ಥ, ಹೂವು, ಧೂಪ. ಈಗೀಗ ಕಾರು, ಸ್ಕೂಟರುಗಳಿಗೂ ಪೂಜೆ. ಹೇಳಿ, ಇದನ್ನ ನಾವು ಬೇರೆ ಯಾರದೋ ಹಬ್ಬ ಅನ್ನೋದು ಹೇಗೆ? ಮಾಟುಂಗದಲ್ಲಿ ಆಯುಧಪೂಜೆ ದಿವಸ ಟ್ಯಾಕ್ಸಿಗೆ ಚೆಂಡುಹೂವಿನ ಹಾರ ಹಾಕೋದು ಕಂಡವರೇ ನಾವೆಲ್ಲ. ದೇವರ ಮಂಟಪಕ್ಕೆ ಮತ್ತೆ ಬಣ್ಣ ಬಳಿದರೆ ಅದು ಹಾಳಾಯ್ತು ಅಂತ ನಮ್ಮ ಊರಲ್ಲಿ ಯಾರೂ ಅನ್ನಲ್ಲ. ಇನ್ನೂ ಪೂಜೆಯಲ್ಲಿದೆ ಅಂತಾರೆ.

ಅದಕ್ಕೇ ನಾನೀಗ ಪ್ರಶ್ನೆ ಬದಲಾಯಿಸಿದ್ದೀನಿ. "ಇದು ಅಸಲಿಯಾ?" ಅಂತ ಕೇಳಲ್ಲ. "ಇದನ್ನ ಯಾವ್ಯಾವ ಕೈ ನೋಡಿಕೊಂಡಿತು, ಯಾವಾಗ?" ಅಂತ ಕೇಳ್ತೀನಿ. ನಕಲಿ ಯಾವುದು ಅಂತ ಈ ಪ್ರಶ್ನೆಯೂ ಹೇಳುತ್ತೆ, ಯಾಕಂದರೆ ಮೋಸಕ್ಕೆ ಮಾಡಿದ ವಸ್ತುವನ್ನು ಯಾರೂ ನೋಡಿಕೊಂಡಿರಲ್ಲ. ಸವೆತ ಇರುತ್ತೆ, ರಿಪೇರಿ ಇರಲ್ಲ.

ಇನ್ನೊಂದು ಕಷ್ಟದ ಪ್ರಶ್ನೆಯೂ ಇದರ ಹಿಂದೇ ಬರುತ್ತೆ. ಇದು ಆ ಕೈಗಳಿಂದ ಹೇಗೆ ತಪ್ಪಿತು? 1906ರ ಸೆಪ್ಟೆಂಬರ್ 20ರಂದು ಡಚ್ಚರ ಸೈನ್ಯ ಡೆನ್‌ಪಸಾರಿಗೆ ನುಗ್ಗಿದಾಗ, ಬಾದುಂಗಿನ ರಾಜ ಪರಿವಾರ ಸಮೇತ ಬಿಳಿ ಬಟ್ಟೆ ಉಟ್ಟು, ಕೆರಿಸ್ ಹಿಡಿದು, ಬಂದೂಕುಗಳ ಎದುರಿಗೇ ನಡೆದು ಸತ್ತ. ಅದನ್ನ ಪುಪುತನ್ ಅಂತಾರೆ. 1908ರ ಏಪ್ರಿಲ್ 28ರಂದು ಕ್ಲುಂಗ್ಕುಂಗಿನಲ್ಲೂ ಹಾಗೇ ಆಯಿತು. ಲೂಟಿಯಾದ ವಸ್ತುಗಳು ಹಾಲೆಂಡಿನ ಮ್ಯೂಸಿಯಂ ಸೇರಿದವು. 2023ರ ಜುಲೈನಲ್ಲಿ ನೆದರ್ಲೆಂಡ್ಸ್ ಇಂಡೋನೇಷ್ಯಾಕ್ಕೆ 472 ವಸ್ತುಗಳನ್ನು ಹಿಂದಿರುಗಿಸಲು ಒಪ್ಪಿತು, ಅದರಲ್ಲಿ ಕ್ಲುಂಗ್ಕುಂಗಿನ ಒಂದು ಕೆರಿಸ್ ಕೂಡ ಇತ್ತು.

ಮಾವನ ಕೆರಿಸ್ ಅರಮನೆಯದಲ್ಲ, ಸಾಮಾನ್ಯ ಮನೆಯದು. ಆದರೆ ಅವರು ಕೊಂಡ ವರ್ಷ ನೋಡಿ, 1968. 1963ರಲ್ಲಿ ಬಾಲಿಯ ಅಗುಂಗ್ ಬೆಟ್ಟ ಸಿಡಿದು ಸಾವಿರಕ್ಕೂ ಮಿಕ್ಕಿ ಜನ ಸತ್ತಿದ್ದರು. 1965-66ರ ರಾಜಕೀಯ ಕಗ್ಗೊಲೆಗಳಲ್ಲಿ ಆ ಪುಟ್ಟ ದ್ವೀಪ ಹತ್ತಾರು ಸಾವಿರ ಜನರನ್ನು ಕಳೆದುಕೊಂಡಿತ್ತು. ಅದಾದ ಎರಡೇ ವರ್ಷಕ್ಕೆ ಒಂದು ಮನೆಯ ಕೆರಿಸ್ ಸುರಬಾಯ ಬಂದರಿನಲ್ಲಿ ಒಬ್ಬ ನಾವಿಕನ ಕೈಗೆ ಬಂತು. ಮಾರಿದವರು ಯಾಕೆ ಮಾರಿದರು ಅಂತ ಮಾವ ಕೇಳಿದ್ದರೋ ಇಲ್ಲವೋ. ಚೀಟಿಯಲ್ಲಿ ಅದಿಲ್ಲ.

ಅತ್ತೆಗೆ ಕೊನೆಗೆ ನಾನು ಹೇಳಿದ್ದು ಇಷ್ಟು: ಮುನ್ನೂರು ವರ್ಷದ್ದು ಅನ್ನೋದಕ್ಕೆ ಆಧಾರ ಇಲ್ಲ. ಅಲಗು ಒಳ್ಳೇದು, ಕೈಕೆಲಸದ್ದು, ಹಿಡಿ ಮತ್ತು ಒರೆಗಿಂತ ಹಳೇದು. ಒರೆ ಈ ಅಲಗಿಗೇ ಮಾಡಿದ್ದು. ಹಿಡಿ ಆಮೇಲಿನದು. ಮಾರೋದಾದರೆ, ನಾನು ಕೆರೆದ ಜಾಗದಿಂದ ಬೆಲೆ ಕಮ್ಮಿ ಆಗುತ್ತೆ, ಆ ನಷ್ಟ ನಾನು ತುಂಬಿ ಕೊಡ್ತೀನಿ. ಅತ್ತೆ ಅಂದರು: "ದುಡ್ಡು ಆಮೇಲೆ ನೋಡೋಣ. ಉಳಿದ ಕೆಂಪು ಮಾತ್ರ ಮುಟ್ಟಬೇಡ."

ಮುಟ್ಟಿಲ್ಲ. ಒಂದು ಹಾಳೆಯಲ್ಲಿ ಎಲ್ಲ ಬರೆದು ಕೆರಿಸಿನ ಜೊತೆ ಇಟ್ಟಿದ್ದೀವಿ. ಅಲಗಿನ ಉದ್ದ, ಬಳುಕಿನ ಲೆಕ್ಕ, ಕೆಳಗಿನ ಬಳ್ಳಿಯ ಬಣ್ಣ ನನಗೆ ನೆನಪಿದ್ದ ಹಾಗೆ, ಮೇಲಿನ ಕೆಂಪು ಮಾವನದು ಅಂತ, ಮೂರು ಬೆರಳಗಲ ಕೆರೆದದ್ದು ನಾನು ಅಂತ, ತಾರೀಕಿನ ಸಮೇತ. ಮಾವನ ಚೀಟಿಯೂ ಅದರ ಜೊತೆಗೇ ಇದೆ. ಕಳೆದ ಆಯುಧಪೂಜೆಗೆ ಅತ್ತೆ ಅದನ್ನ ತೆಗೆದು ಒಣಬಟ್ಟೆಯಲ್ಲಿ ಒರೆಸಿ ಕುಂಕುಮ ಇಟ್ಟರು. ಮೆಟಲ್ ಪಾಲಿಶ್ ಮಾತ್ರ ಬೇಡ ಅಂತ ಕೈಮುಗಿದು ಕೇಳಿಕೊಂಡೆ.

ನಿಮ್ಮ ಮನೆಯಲ್ಲೂ ಹಡಗಿನಲ್ಲೋ, ಸೈನ್ಯದಲ್ಲೋ ಇದ್ದ ಅಜ್ಜ, ಮಾವ ತಂದ ಇಂಥದ್ದೇನಾದರೂ ಇದ್ದರೆ, ಕೆರೆಯೋ ಮೊದಲು ಮನೆಯ ಹಿರಿಯರನ್ನ ಕೇಳಿ. ಅವರಿರುವಾಗಲೇ ಕೇಳಿ, ಬರೆದಿಟ್ಟುಕೊಳ್ಳಿ. ಪ್ರಶ್ನೆಗಳಿದ್ದರೆ ವಿಡಿಯೋದ ಕೆಳಗೆ ಹಾಕಿ. ಫೋಟೋ ಕಳಿಸೋದಾದರೆ ಹಗಲು ಬೆಳಕಿನಲ್ಲಿ, ಅಲಗು, ಹಿಡಿ, ಒರೆ ಮೂರನ್ನೂ ಬೇರೆ ಬೇರೆ ತೆಗೆದು ಕಳಿಸಿ. ಗೊತ್ತಿದ್ದಷ್ಟು ಹೇಳ್ತೀನಿ.